ಡಬ್ಬಿಯ ಮೇಲಿನ ಹೆಸರು ಎಂಜಿನ್ ತಣ್ಣಗಿಡುವುದಿಲ್ಲ

“ಕಂಪನಿದೇ ಹಾಕ್ಸಿ ಸಾರ್, ಹೊರಗಡೆದು ನಂಬೋಕಾಗಲ್ಲ.” ಮಾಗಡಿ ರಸ್ತೆಯ ಟೋಲ್‌ಗೇಟಿನಿಂದ ಕೆಂಗೇರಿ ಉಪನಗರದ ತನಕ ಕಾರಿರುವ ಮನೆಗಳಲ್ಲೆಲ್ಲ ಈ ಮಾತು ವೇದವಾಕ್ಯವಾಗಿಬಿಟ್ಟಿದೆ. ಸರ್ವಿಸ್ ಸೆಂಟರಿನ ಅಡ್ವೈಸರ್ ಇದನ್ನೇ ಹೇಳುತ್ತಾರೆ, ಆಫೀಸಿನ ಗೆಳೆಯರು ಇದನ್ನೇ ಹೇಳುತ್ತಾರೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಕೇಳಿದರೆ ಹತ್ತು ಜನ ಇದನ್ನೇ ಟೈಪ್ ಮಾಡುತ್ತಾರೆ. ರೇಡಿಯೇಟರ್ ಸೋರಲಿ, ವಾಟರ್ ಪಂಪ್ ಸದ್ದು ಮಾಡಲಿ, ಹೋಸ್ ಬಿರಿಯಲಿ, ನಮ್ಮ ಲೆಕ್ಕದಲ್ಲಿ ಜಗತ್ತಿನಲ್ಲಿರುವುದು ಎರಡೇ ಬಗೆಯ ಸಾಮಾನು. ಕಾರು ಕಂಪನಿಯ ಡಬ್ಬಿಯಲ್ಲಿ ಬಂದದ್ದು ಒರಿಜಿನಲ್, ಮಿಕ್ಕಿದ್ದೆಲ್ಲ ಡೂಪ್ಲಿಕೇಟ್. ಈ ನಂಬಿಕೆ ತಪ್ಪು, ದುಬಾರಿ ತಪ್ಪು. ಎಂಜಿನ್ ಹೀಟ್ ಆಗಲು ನಿಜವಾಗಿ ಏನು ಕಾರಣ ಎಂಬುದನ್ನು ಇದು ನಮ್ಮಿಂದ ಮರೆಮಾಡುತ್ತದೆ. ಹಣಕ್ಕಿಂತ ದೊಡ್ಡ ನಷ್ಟ ಅದು.

ಮೊದಲು ಈ ಸಾಮಾನುಗಳನ್ನು ಮಾಡುವವರು ಯಾರು ಅಂತ ನೋಡೋಣ. ನಮ್ಮಲ್ಲಿ ಓಡಾಡುವ ಬಹುಪಾಲು ಕಾರುಗಳ ರೇಡಿಯೇಟರನ್ನು ಆ ಕಾರಿನ ಕಂಪನಿ ಮಾಡಿರುವುದಿಲ್ಲ, ಬೇರೆಯವರಿಂದ ಮಾಡಿಸಿಕೊಂಡಿರುತ್ತದೆ. ಮಾರುತಿಗೆ ಎ.ಸಿ. ಮತ್ತು ಎಂಜಿನ್ ಕೂಲಿಂಗ್ ಸಾಮಾನು ಕೊಡುವ ಸುಬ್ರೋಸ್ ಬೇರೆಯೇ ಕಂಪನಿ. ಅದರಲ್ಲಿ ಜಪಾನಿನ ಡೆನ್ಸೊ ಮತ್ತು ಸುಜುಕಿಗೆ ಪಾಲಿದೆ. ಟಾಟಾ ಆಟೋಕಾಂಪ್ ಜಪಾನಿನ ಟಿ.ರಾಡ್ ಜೊತೆ ಸೇರಿ ಟಾಟಾ ಟೊಯೊ ರೇಡಿಯೇಟರ್ ಎಂಬ ಕಂಪನಿಯನ್ನೇ ಕಟ್ಟಿತು. ವಡೋದರದ ಬ್ಯಾಂಕೊ ಪ್ರಾಡಕ್ಟ್ಸ್ ರೇಡಿಯೇಟರ್ ಕಸುಬಿನಲ್ಲಿ ದಶಕಗಳಿಂದ ಇದೆ; 2010ರಲ್ಲಿ ಅದು ನೆದರ್‌ಲೆಂಡ್ಸಿನ ಹಳೆಯ ರೇಡಿಯೇಟರ್ ಕಂಪನಿ ಎನ್‌ಆರ್‌ಎಫ್ ಅನ್ನೇ ಕೊಂಡಿತು. ಚೆನ್ನೈನ ಸುಂದರಂ ಫಾಸ್ಟನರ್ಸ್ 1990ರ ದಶಕದಲ್ಲೇ ಅಮೆರಿಕದ ಜನರಲ್ ಮೋಟಾರ್ಸ್‌ಗೆ ರೇಡಿಯೇಟರ್ ಕ್ಯಾಪ್ ಕಳಿಸುತ್ತಿತ್ತು. ಇಂಥ ತಯಾರಕರಲ್ಲಿ ಹಲವರು ಕಾರು ಕಂಪನಿಗೂ ಸಾಮಾನು ಕೊಡುತ್ತಾರೆ, ತಮ್ಮದೇ ಹೆಸರಿನ ಡಬ್ಬಿಯಲ್ಲಿ ಜೆ.ಸಿ. ರಸ್ತೆಯ ಅಂಗಡಿಗೂ ಕಳಿಸುತ್ತಾರೆ. ಅವರ ಹೆಸರಿನ ಡಬ್ಬಿಯನ್ನು “ಹೊರಗಡೆದು” ಎಂದು ಪಕ್ಕಕ್ಕಿಟ್ಟು, ಅವರ ಕೈಯಿಂದಲೇ ಬಂದಿರಬಹುದಾದ ಸಾಮಾನನ್ನು ಇನ್ನೊಂದು ಡಬ್ಬಿಯಲ್ಲಿ ಹೆಚ್ಚು ದುಡ್ಡು ಕೊಟ್ಟು ತರುವುದನ್ನು ನಾವು ಜಾಣತನ ಎಂದುಕೊಂಡಿದ್ದೇವೆ.

ಬೆಂಗಳೂರಿನವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿ ಬಂದದ್ದೇ ವಿಚಿತ್ರ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಆಡುಗೋಡಿಯ ಮೈಕೋ, ಸ್ಪಾರ್ಕ್ ಪ್ಲಗ್ ಮಾಡುತ್ತಿದ್ದ ಊರು ಇದು. ಅಂಬಾಸಿಡರ್ ಇಟ್ಟವರೂ ಪದ್ಮಿನಿ ಇಟ್ಟವರೂ ಅಂಗಡಿಗೆ ಹೋಗಿ ಮೈಕೋ ಪ್ಲಗ್ ಕೇಳುತ್ತಿದ್ದರು. ಹಿಂದೂಸ್ತಾನ್ ಮೋಟಾರ್ಸಿನ ಪ್ಲಗ್ ಎಲ್ಲಿ ಎಂದು ಯಾರೂ ಹುಡುಕಲಿಲ್ಲ, ಏಕೆಂದರೆ ಪ್ಲಗ್ ಮಾಡಬಲ್ಲವರು ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು. 2008ರಲ್ಲಿ ಮೈಕೋ ಹೆಸರು ಬಾಷ್ ಎಂದಾಯಿತು. ಆ ವಿವೇಕವೂ ಹೆಸರಿನ ಜೊತೆಗೇ ಹೊರಟುಹೋಯಿತೇನೋ. ಪ್ಲಗ್‌ಗೆ, ಬ್ಯಾಟರಿಗೆ, ಟೈರಿಗೆ ಇಂದಿಗೂ ತಯಾರಕರ ಹೆಸರು ನೋಡಿ ಕೊಳ್ಳುವ ನಾವು ರೇಡಿಯೇಟರ್ ಹೆಸರೆತ್ತಿದ ಕೂಡಲೇ ಕೈಕಟ್ಟಿ ನಿಲ್ಲುತ್ತೇವೆ.

ಇನ್ನೂ ಒಂದು ಉದಾಹರಣೆ ಕೊಡುತ್ತೇನೆ. ಫಿಯೆಟ್ ವಿನ್ಯಾಸದ 1.3 ಲೀಟರಿನ ಮಲ್ಟಿಜೆಟ್ ಡೀಸೆಲ್ ಎಂಜಿನ್ ಬಗ್ಗೆ ಗ್ಯಾರೇಜಿನಲ್ಲಿ ಕೇಳಿ. ಫಿಯೆಟ್ ಪುಂಟೊದಲ್ಲಿ ಅದೇ ಎಂಜಿನ್, ಮಾರುತಿ ಸ್ವಿಫ್ಟಿನಲ್ಲಿ ಡಿಡಿಐಎಸ್ ಎಂಬ ಹೆಸರಿನಲ್ಲಿ ಅದೇ ಎಂಜಿನ್, ಟಾಟಾ ಇಂಡಿಕಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್ ಎಂಬ ಹೆಸರಿನಲ್ಲಿ ಅದೇ ಎಂಜಿನ್. ಪಾರ್ಟ್ ನಂಬರ್ ಮಾತ್ರ ಕಂಪನಿಗೊಂದು, ಡಬ್ಬಿ ಕಂಪನಿಗೊಂದು. ಈ ಎಂಜಿನ್ ಬಿಚ್ಚಿ ಪಳಗಿದ ಮೆಕ್ಯಾನಿಕ್ಕಿಗೆ ಗೊತ್ತಿರುವ ಈ ಸಂಗತಿ ಕಾರಿನ ಮಾಲೀಕನಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದವನ ಜೇಬಿಗೇ ಕತ್ತರಿ.

ಕತ್ತರಿ ಎಂಬುದು ನನ್ನ ಉತ್ಪ್ರೇಕ್ಷೆಯಲ್ಲ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಶಂಷೇರ್ ಕಟಾರಿಯಾ ಎಂಬವರು ಕೊಟ್ಟ ದೂರಿನಿಂದ ಶುರುವಾದ ಪ್ರಕರಣ ಅದು. ಮಾರುತಿ, ಟಾಟಾ, ಮಹೀಂದ್ರಾ, ಟೊಯೊಟಾ, ಹೋಂಡಾ, ಫೋರ್ಡ್ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಬಿಡಿಭಾಗಗಳು ಹೊರಗಿನ ಅಂಗಡಿಗಳಿಗೆ ಸಿಗದಂತೆ ತಡೆದದ್ದು, ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜಿಗೆ ಕೊಡದೆ ಇದ್ದದ್ದು ಅವರ ಮೇಲಿದ್ದ ಮುಖ್ಯ ಆರೋಪ. ಕೆಲವು ಬಿಡಿಭಾಗಗಳ ಮೇಲೆ ಶೇ. 100ರಿಂದ ಶೇ. 5,000ದವರೆಗೂ ಹೆಚ್ಚುವರಿ ಬೆಲೆ ಏರಿಸಲಾಗಿದೆ ಎಂಬುದು ಆಗ ಹೊರಬಂತು. ಆಮೇಲೆ ಮೇಲ್ಮನವಿ, ಹೈಕೋರ್ಟು ಎಂದು ಆದೇಶ ವರ್ಷಗಟ್ಟಲೆ ಅಲೆದಾಡಿತು. ಕೆಲವು ಕಂಪನಿಗಳ ದಂಡ ಇಳಿಯಿತು. ಆದರೆ ವ್ಯಾಪಾರದ ಒಳಗುಟ್ಟು ಹೊರಬಿದ್ದದ್ದು ಬಿದ್ದದ್ದೇ. “ಕಂಪನಿದೇ ಹಾಕ್ಸಿ” ಎಂಬ ಉಪದೇಶದ ಹಿಂದೆ ಎಂಜಿನ್ನಿನ ಮೇಲಿನ ಕಾಳಜಿಯಷ್ಟೇ ಇಲ್ಲ, ಒಂದು ಅಂಗಡಿಯ ಬಾಗಿಲು ಮಾತ್ರ ತೆರೆದಿರಲಿ ಎಂಬ ಲೆಕ್ಕಾಚಾರವೂ ಇದೆ.

ಈ ಉಪದೇಶಕ್ಕೆ ಬಲ ಕೊಡುವುದು ವಾರಂಟಿ ಎಂಬ ಗುಮ್ಮ. “ಹೊರಗಡೆ ಕೈ ಹಾಕ್ಸಿದ್ರೆ ವಾರಂಟಿ ಹೋಗತ್ತೆ ಸಾರ್” ಎಂದಾಕ್ಷಣ ನಾವು ಬೆವರುತ್ತೇವೆ. ಅದೇ 2014ರ ಆದೇಶದಲ್ಲಿ ಆಯೋಗ ಇದನ್ನೂ ಎತ್ತಿಕೊಂಡಿತ್ತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಸಲ್ಲದು. ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ಕಂಪನಿ ಕೈತೊಳೆದುಕೊಳ್ಳಬಹುದು ಎಂಬುದು ಅದರ ನಿಲುವು. ಅಮೆರಿಕದಲ್ಲಿ 1975ರಿಂದಲೇ ಇಂಥ ಕಾನೂನಿದೆ. ಇನ್ನೊಂದು ಮಾತು: ವಾರಂಟಿಯಲ್ಲಿರುವ ಕಾರಿನ ರೇಡಿಯೇಟರ್ ತಾನಾಗಿ ಸೋರಿದರೆ ಸಾಮಾನ್ಯವಾಗಿ ಅದನ್ನು ಕಂಪನಿಯೇ ಬದಲಿಸಿಕೊಡಬೇಕು. ಹೊರಗೆ ಕೊಳ್ಳುವ ಪ್ರಶ್ನೆ ಏಳುವುದೇ ಎಂಟು ಹತ್ತು ವರ್ಷ ಓಡಿದ, ವಾರಂಟಿ ಮುಗಿದು ಕಾಲವಾದ ಕಾರಿಗೆ. ಇಲ್ಲದ ವಾರಂಟಿ ಹೋಗುತ್ತದೆ ಎಂದು ಹೆದರುವುದು ಯಾವ ಸೀಮೆಯ ನ್ಯಾಯ?

ಹಾಗಾದರೆ ನಕಲಿ ಸಾಮಾನು ಇಲ್ಲವೇ? ಇದೆ, ಧಾರಾಳವಾಗಿ ಇದೆ. ಎದುರು ಪಕ್ಷದ ಅತಿ ಗಟ್ಟಿ ವಾದ ಇದೇ. ಆದರೆ ಅದನ್ನು ಕೊನೆಯ ತನಕ ಹಿಡಿದು ನಡೆದರೆ ಅದು ಅವರನ್ನೇ ಬೀಳಿಸುತ್ತದೆ. ನಕಲಿ ಮಾಡುವವನು ಯಾವ ಹೆಸರನ್ನು ನಕಲು ಮಾಡುತ್ತಾನೆ? ಹೆಚ್ಚು ಬೆಲೆ ಸಿಗುವ, ಗಿರಾಕಿ ಕಣ್ಣುಮುಚ್ಚಿ ಕೊಳ್ಳುವ ಹೆಸರನ್ನು. ಅಂದರೆ ಕಾರು ಕಂಪನಿಯ ಹೆಸರನ್ನೇ. ಕಂಪನಿಯ ಲಾಂಛನವಿರುವ ಡಬ್ಬಿ ಎಂದಷ್ಟೇ ನೋಡಿ ಒಳಗಿರುವುದನ್ನು ನೋಡದವನೇ ನಕಲಿಗಾರನಿಗೆ ಅತ್ಯುತ್ತಮ ಗಿರಾಕಿ. “ಕಂಪನಿ ಡಬ್ಬಿ ಇದ್ದರೆ ಸಾಕು” ಎಂದು ಜನರಿಗೆ ಕಲಿಸಿದವರು ನಕಲಿ ಮಾಲಿಗೆ ಮಾರುಕಟ್ಟೆ ಮಾಡಿಕೊಟ್ಟಿದ್ದಾರೆ.

ಹೊರಗೆ ಸಿಗುವುದೆಲ್ಲ ಒಂದೇ ರಾಶಿ ಎಂದುಕೊಂಡದ್ದೇ ಮೂಲ ದೋಷ. ಆ ರಾಶಿಯಲ್ಲಿ ನಾಲ್ಕು ಬಗೆ ಇದೆ. ಕಾರು ಕಂಪನಿಗೇ ಸಾಮಾನು ಕೊಡುವ ತಯಾರಕರು ತಮ್ಮ ಹೆಸರಿನಲ್ಲಿ ಮಾರುವುದು ಒಂದು. ಕಾರು ಕಂಪನಿಗೆ ಕೊಡದಿದ್ದರೂ ತಮ್ಮ ಹೆಸರು, ವಿಳಾಸ ಹಾಕಿ ಗ್ಯಾರಂಟಿ ಕೊಟ್ಟು ಮಾರುವವರದು ಎರಡನೆಯದು. ಹೆಸರೂ ಇಲ್ಲ, ಊರೂ ಇಲ್ಲ ಎಂಬ “ಲೋಕಲ್” ಮಾಲು ಮೂರನೆಯದು. ಇನ್ನೊಬ್ಬರ ಹೆಸರು ಕದ್ದದ್ದು ನಾಲ್ಕನೆಯದು. ಗುಜರಿಯಿಂದ ಬಂದ ಹಳೆಯ ಸಾಮಾನಿನ ಮಾತೇ ಬೇರೆ. ಅದನ್ನು ಕೂಲಿಂಗ್ ಕೆಲಸಕ್ಕೆ ಮುಟ್ಟಲೇಬಾರದು. ಮೊದಲ ಎರಡನ್ನು ಕೊಳ್ಳಿ, ಕೊನೆಯ ಎರಡನ್ನು ಬಿಡಿ ಎಂಬುದಷ್ಟೇ ನನ್ನ ವಾದ. ಇದನ್ನು ವಿಂಗಡಿಸಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಪ್ಯಾಕ್ ಮಾಡಿ ಮಾರುವ ಸರಕಿನ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ತಿಂಗಳು ಮತ್ತು ವರ್ಷ, ಎಂಆರ್‌ಪಿ, ದೂರು ಕೊಡಲು ಸಂಪರ್ಕ, ಇಷ್ಟೂ ಇರಬೇಕು ಎಂದು 2011ರ ಕಾನೂನುಮಾಪನ ನಿಯಮಗಳು ಹೇಳುತ್ತವೆ. ಇದರಲ್ಲಿ ಏನಾದರೂ ಇಲ್ಲವೆಂದರೆ ಡಬ್ಬಿಯನ್ನು ಕೌಂಟರ್ ಮೇಲೆಯೇ ಬಿಟ್ಟು ಬನ್ನಿ.

ಇನ್ನೂ ಅನುಮಾನವಿದ್ದರೆ ಮೈಸೂರು ರಸ್ತೆಯದೋ ಮಾಗಡಿ ರಸ್ತೆಯದೋ ಯಾವುದಾದರೂ ಸ್ಪೇರ್ಸ್ ಅಂಗಡಿಯಲ್ಲಿ ಎರಡು ರೇಡಿಯೇಟರ್ ಪಕ್ಕಪಕ್ಕ ಇಡಿಸಿ. ಕೈಯಲ್ಲಿ ಎತ್ತಿ ನೋಡಿ; ಕೋರ್ ತೆಳ್ಳಗಿರುವುದು ತೂಕದಲ್ಲೇ ಗೊತ್ತಾಗುತ್ತದೆ. ಕೊಳವೆಗಳ ನಡುವೆ ಅಲೆಅಲೆಯಾಗಿ ಕೂತಿರುವ ಅಲ್ಯೂಮಿನಿಯಂ ಫಿನ್ನುಗಳನ್ನು ಒಂದು ಅಂಗುಲದಲ್ಲಿ ಎಷ್ಟಿವೆ ಎಂದು ಎಣಿಸಿ. ಒಂದರಲ್ಲಿ ದಟ್ಟವಾಗಿದ್ದರೆ ಇನ್ನೊಂದರಲ್ಲಿ ಬೆಳಕು ಹಾಯುತ್ತದೆ. ಶಾಖ ಬಿಡುವುದು ಆ ಫಿನ್ನುಗಳೇ ಆದ್ದರಿಂದ ಉಳಿತಾಯ ಮಾಡಿದ್ದೆಲ್ಲಿ ಎಂದು ಬೇರೆ ಕೇಳಬೇಕಾಗಿಲ್ಲ. ಆಮೇಲೆ ಪ್ಲಾಸ್ಟಿಕ್ ಟ್ಯಾಂಕು. ಅದು ಗಾಜಿನ ಎಳೆ ಬೆರೆಸಿದ ನೈಲಾನ್ ಆಗಿರಬೇಕು. ಹೋಸ್ ಕೂರುವ ಕುತ್ತಿಗೆಯ ಹತ್ತಿರ ಅಂಚು ನಯವಾಗಿರಬೇಕು. ಟ್ಯಾಂಕನ್ನು ಕೋರಿಗೆ ಕಚ್ಚಿಸಿದ ಹಲ್ಲುಗಳು ಒಂದೇ ಸಮನಾಗಿ ಬಾಗಿರಬೇಕು. ಒಳ್ಳೆಯ ತಯಾರಕರು ಪ್ಲಾಸ್ಟಿಕ್ಕಿನಲ್ಲೇ ತಮ್ಮ ಗುರುತನ್ನೂ ತಿಂಗಳು ತೋರಿಸುವ ಪುಟ್ಟ ಚಕ್ರವನ್ನೂ ಅಚ್ಚು ಹಾಕಿರುತ್ತಾರೆ. ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ಅಚ್ಚು ಮಾಡಿಸಲು ಖರ್ಚಿದೆ.

ಎಲ್ಲ ಸಾಮಾನನ್ನೂ ಹೊರಗೇ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ತೂಗಬೇಕು. ರೇಡಿಯೇಟರ್, ಫ್ಯಾನ್ ಮೋಟರ್, ಬೆಲ್ಟ್, ಕೂಲೆಂಟ್, ಇವುಗಳಲ್ಲಿ ಹೆಸರುವಾಸಿ ತಯಾರಕರದು ಕಂಪನಿಯದಕ್ಕೆ ಸಮ. ವಾಟರ್ ಪಂಪಿನಲ್ಲಿ ಎಚ್ಚರ ಹೆಚ್ಚು ಬೇಕು. ಒಳಗಿನ ಇಂಪೆಲ್ಲರ್ ಮತ್ತು ಸೀಲ್ ಸರಿಯಿರಬೇಕು. ಟೈಮಿಂಗ್ ಬೆಲ್ಟ್ ತಿರುಗಿಸುವ ಪಂಪ್ ಇರುವ ಕಾರಾದರೆ ಅಗ್ಗದ್ದನ್ನು ಕನಸಿನಲ್ಲೂ ನೆನೆಯಬೇಡಿ, ಏಕೆಂದರೆ ಪಂಪ್ ಜಾಮ್ ಆದರೆ ಬೆಲ್ಟೂ ಹೋಗುತ್ತದೆ, ಬೆಲ್ಟ್ ಹೋದರೆ ಎಂಜಿನ್ನೂ ಹೋಗುತ್ತದೆ. ಥರ್ಮೋಸ್ಟಾಟ್, ಟೆಂಪರೇಚರ್ ಸೆನ್ಸರ್, ಆಯಾ ಮಾದರಿಗೇ ವಿಶೇಷವಾದ ಪ್ಲಾಸ್ಟಿಕ್ ಜೋಡಣೆಗಳು, ಅಚ್ಚಿನಲ್ಲಿ ಬಾಗಿಸಿದ ಹೋಸ್, ಇವನ್ನು ಕಂಪನಿಯಿಂದಲೇ ತನ್ನಿ. ಇಲ್ಲಿ ತಪ್ಪಿಗೆ ತೆರಬೇಕಾದ ದಂಡ ದೊಡ್ಡದು. ಕಂಪನಿಯ ಸಾಮಾನಿಗೆ ನಾನು ವಿರೋಧಿಯಲ್ಲ. ಯೋಚನೆಯ ಬದಲು ಡಬ್ಬಿ ನೋಡುವ ಅಭ್ಯಾಸಕ್ಕೆ ವಿರೋಧಿ.

ಆ ಅಭ್ಯಾಸದಿಂದಾಗುವ ನಿಜವಾದ ಅನಾಹುತ ಸಾಮಾನು ಕೊಂಡ ಮೇಲೆ ಕಾಣುತ್ತದೆ. ದುಬಾರಿ ರೇಡಿಯೇಟರ್ ತಂದ ಸಮಾಧಾನದಲ್ಲಿ ಮಾಲೀಕ ಟೀ ಕುಡಿಯುತ್ತಿರುತ್ತಾನೆ. ಒಳಗೆ ಹುಡುಗ ಗ್ಯಾರೇಜಿನ ನಲ್ಲಿಗೆ ಪೈಪ್ ಹಾಕಿ ಅದಕ್ಕೆ ಬೋರ್‌ವೆಲ್ ನೀರು ತುಂಬಿಸುತ್ತಿರುತ್ತಾನೆ. ಪಾರ್ಟ್ ಕಂಪನಿದು, ನೀರು ಕಾಮಾಕ್ಷಿಪಾಳ್ಯದ್ದು! ನಮ್ಮ ಬೋರ್‌ವೆಲ್ ನೀರಿನ ಗಡಸುತನ ಗೀಸರಿನ ಕಾಯಿಲ್ ನೋಡಿದ ಯಾರಿಗೂ ಗೊತ್ತು. ಅದೇ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಎಂಜಿನ್ನಿನ ಒಳದಾರಿಗಳಲ್ಲೂ ಕಟ್ಟುತ್ತದೆ. ಕೂಲೆಂಟಿಗೆ ಬೆರೆಸಬೇಕಾದದ್ದು ಡಿಸ್ಟಿಲ್ಡ್ ವಾಟರ್, ಬ್ಯಾಟರಿಗೆ ಹಾಕುವಂಥದ್ದು. ಇಲ್ಲದಿದ್ದರೆ ಬೆರೆಸಿಯೇ ಬರುವ ಕೂಲೆಂಟ್ ಕೊಳ್ಳಿ. ಡಬ್ಬದ ಮೇಲೆ ಜಿಸ್ ಕೆ 2234 ಅಥವಾ ಎಎಸ್‌ಟಿಎಂ ಡಿ 3306 ಎಂಬ ಮಾನದಂಡದ ಗುರುತು ಇದೆಯೇ ನೋಡಿ. ಹಸಿರು, ಕೆಂಪು, ನೀಲಿ ಬರೀ ಬಣ್ಣ. ಒಳಗಿನ ರಾಸಾಯನಿಕ ಬೇರೆಯಿದ್ದರೆ ಒಂದರ ಜೊತೆ ಒಂದು ಬೆರೆಸಬಾರದು.

ಎರಡನೆಯದು ರೇಡಿಯೇಟರ್ ಕ್ಯಾಪ್. ಎಲ್ಲಕ್ಕಿಂತ ಅಗ್ಗದ, ಎಲ್ಲರೂ ಕಡೆಗಣಿಸುವ ಸಾಮಾನು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಕುದಿಯುತ್ತದೆ. ಎಂಜಿನ್ನಿನ ದಿನನಿತ್ಯದ ಬಿಸಿ ಅದಕ್ಕಿಂತ ಬಹಳ ಕೆಳಗೇನಿಲ್ಲ. ನೀರು ಕುದಿಯದಂತೆ ತಡೆಯುವುದು ಆ ಕ್ಯಾಪ್ ಹಿಡಿದಿಡುವ ಒತ್ತಡ. 1.1 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ ಬರೀ ನೀರು ಕೂಡ ಸುಮಾರು 120 ಡಿಗ್ರಿಯ ತನಕ ಕುದಿಯುವುದಿಲ್ಲ. ಅದರ ಸ್ಪ್ರಿಂಗ್ ಸಡಿಲವಾದರೆ ನಾಯಂಡಹಳ್ಳಿಯ ಜಾಮಿನಲ್ಲಿ ಹೊಗೆ ಏಳುತ್ತದೆ, ನಾವು ಹೋಗಿ ರೇಡಿಯೇಟರ್ ಬದಲಿಸುತ್ತೇವೆ! ಜಾಮಿನಲ್ಲಿ ಎದುರಿನಿಂದ ಗಾಳಿ ಬೀಸುವುದಿಲ್ಲ, ಫ್ಯಾನೊಂದೇ ಗತಿ; ಫ್ಯಾನ್ ರಿಲೇ ಕೆಟ್ಟರೂ ಇದೇ ಹೊಗೆ. ಕಾರಣ ಹುಡುಕದೆ ಸಾಮಾನು ಬದಲಿಸುವವರಿಗೆ ಯಾವ ಕಂಪನಿಯ ಡಬ್ಬಿಯೂ ನೆರವಾಗದು.

ಮೂರನೆಯದು ಥರ್ಮೋಸ್ಟಾಟ್ ಕಿತ್ತೆಸೆಯುವ ಚಾಳಿ. “ನಮ್ ಊರಿಗೆ ಅದು ಬೇಡ ಗುರೂ, ತೆಗೆದ್ರೆ ಎಂಜಿನ್ ತಣ್ಣಗಿರತ್ತೆ” ಎಂಬುದು ಹಳೇ ಮೇಸ್ತ್ರಿಗಳ ಮಾತು. ಎಂಜಿನ್ನಿಗೆ ತನ್ನದೇ ಆದ ಬಿಸಿ ಬೇಕು. ಅದು ಸಿಗದಿದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತಿ, ತಣ್ಣಗಾಗುವ ಬದಲು ಇನ್ನೂ ಹೀಟ್ ಆಗುತ್ತದೆ. ಸಾಮಾನು ಬದಲಿಸಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ಬಿಡದೆ ಕಳಿಸುವುದೂ ಇದೇ ಜಾತಿಯ ಪಾಪ. ಎಂಜಿನ್ ಹೆಡ್ ಬಾಗುವುದು, ಗ್ಯಾಸ್ಕೆಟ್ ಹೋಗುವುದು ಇಂಥ ಕೆಲಸದಿಂದಲೂ ಉಂಟು. ಆಗ ದೂರು ಬರುವುದು ಮಾತ್ರ “ಹೊರಗಡೆ ಪಾರ್ಟ್” ಮೇಲೆ.

ಇಷ್ಟರ ಮೇಲೂ ಕಂಪನಿಯದೇ ಬೇಕೆಂಬವರು ಒಂದು ಪ್ರಶ್ನೆಗೆ ಉತ್ತರಿಸಲಿ. ಕಂಪನಿಯೇ ಹೊರಟುಹೋದರೆ? ಷೆವ್ರೊಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಫಿಯೆಟ್ ಕಾರುಗಳೂ ಹೋದವು. ಬೀಟ್, ಫಿಗೊ, ಪುಂಟೊ ಇಂದಿಗೂ ಬಸವೇಶ್ವರನಗರದ ಗಲ್ಲಿಗಳಲ್ಲಿ ನಿಂತಿವೆ, ಓಡಾಡುತ್ತಿವೆ. ಅವುಗಳ ಎಂಜಿನ್ ತಣ್ಣಗಿಟ್ಟಿರುವವರಲ್ಲಿ ಹೊರಗಿನ ತಯಾರಕರ ಪಾಲು ದೊಡ್ಡದು. ಕೆಟ್ಟ ರೇಡಿಯೇಟರ್ ನೋಡಿ ಸರಿಯಾದದ್ದನ್ನು ಹುಡುಕಿಕೊಡುವ ರಾಜಾಜಿನಗರ, ವಿಜಯನಗರದ ಗ್ಯಾರೇಜಿನವರ ಪಾಲೂ ಅಷ್ಟೇ. ಹೊರಗಿನ ಮಾಲೆಲ್ಲ ಕಳಪೆ ಎಂಬ ಮಾತು ನಿಜವಾಗಿದ್ದರೆ ಆ ಕಾರುಗಳೆಲ್ಲ ಇಷ್ಟರಲ್ಲಿ ಗುಜರಿ ಸೇರಿರಬೇಕಿತ್ತು.

“ಇದೆಲ್ಲ ಗೊತ್ತಿರುವವರಿಗೆ ಸರಿ, ಸಾಮಾನ್ಯರು ಹೇಗೆ ಗುರುತು ಹಿಡಿಯಬೇಕು?” ಎಂಬ ಆಕ್ಷೇಪ ಉಳಿಯುತ್ತದೆ. ಅದು ನ್ಯಾಯವಾದ ಆಕ್ಷೇಪ, ಆದರೆ ಅದಕ್ಕೆ ಪರಿಹಾರ ಕಂಪನಿಯ ಡಬ್ಬಿಯಲ್ಲ, ಬಿಲ್ಲು. ಜಿ.ಎಸ್.ಟಿ. ಉಳಿಸುವ ಆಸೆಗೆ ಬಿಲ್ಲಿಲ್ಲದೆ ಕೊಂಡು, ಆಮೇಲೆ ಮೋಸವಾಯಿತೆಂದು ಗೋಳಾಡುವವರು ನಾವೇ. ಬಿಲ್ಲಿದ್ದರೆ ಮಾರಿದವರ ಮೇಲೂ ತಯಾರಿಸಿದವರ ಮೇಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ನಕಲಿ ಸರಕು ಮಾರುವುದು ಆ ಕಾಯ್ದೆಯಲ್ಲಿ ಶಿಕ್ಷಾರ್ಹ ಅಪರಾಧ. ಬಿಲ್ಲಿಲ್ಲದಿದ್ದರೆ ಕಂಪನಿಯ ಡಬ್ಬಿಯೂ ಒಂದು ರಟ್ಟಿನ ತುಂಡಷ್ಟೇ.

ಆದ್ದರಿಂದ ಮುಂದಿನ ಸಲ ಕಾರಿನ ಸೂಜಿ ಮೇಲೇರಿದಾಗ ಗ್ಯಾರೇಜಿನಲ್ಲಿ “ಒರಿಜಿನಲ್ಲಾ, ಡೂಪ್ಲಿಕೇಟಾ” ಎಂದು ಕೇಳಬೇಡಿ. ಆ ಪ್ರಶ್ನೆಗೆ ಯಾರು ಬೇಕಾದರೂ ನಿಮಗೆ ಬೇಕಾದ ಉತ್ತರ ಕೊಡುತ್ತಾರೆ. ಸೋರಿದ್ದೆಲ್ಲಿ, ಪ್ರೆಶರ್ ಟೆಸ್ಟ್ ಮಾಡಿದಿರಾ ಎಂದು ಕೇಳಿ. ಈ ಸಾಮಾನು ಮಾಡಿದವರು ಯಾರು, ಪಾರ್ಟ್ ನಂಬರ್ ತಾಳೆ ಆಯಿತೇ, ಯಾವ ನೀರು ಹಾಕುತ್ತೀರಿ ಎಂದು ಕೇಳಿ. ಹಳೆಯ ಸಾಮಾನನ್ನೂ ಹೊಸದರ ಖಾಲಿ ಡಬ್ಬಿಯನ್ನೂ ಬಿಲ್ಲನ್ನೂ ಕೈಗೆ ಕೊಡಿ ಎಂದು ಹೇಳಿ. ಇಷ್ಟಕ್ಕೆ ನೆಟ್ಟಗೆ ಉತ್ತರ ಕೊಡುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ. ಸಿಗದಿದ್ದರೆ ಗ್ಯಾರೇಜು ಬದಲಿಸಿ.